ಎರಡು ಕಡೆ ಇದ್ದ ಗಿರಿಜಾ

ದೆವ್ವ ಕಂಡವರ ಕಥೆ ಕೇಳಿ ಹೆದರುವವರಿದ್ದಾರೆ, ನಗುವವರಿದ್ದಾರೆ. ನನಗೆ ಮೊದಲಿನಿಂದಲೂ ಬರುತ್ತಿದ್ದುದು ಸಿಟ್ಟು. ಮೈಮೇಲೆ ದೇವರು ಬಂತು ಎನ್ನುವವರು, ಸತ್ತ ಅಜ್ಜಿ ಕನಸಿಗೆ ಬಂದು ಆ ಸೈಟು ಕೊಳ್ಳಬೇಡ ಎಂದಳು ಎನ್ನುವವರು, ಬಾಗಿಲಿಗೆ ಬೂದುಗುಂಬಳ ಕಟ್ಟಿ ಅದರ ಪಕ್ಕದಲ್ಲೇ ಕ್ಯಾಮೆರಾವನ್ನೂ ಹಾಕಿಸುವವರು, ಇವರನ್ನೆಲ್ಲ ಶಾಲೆಗೆ ಕಳಿಸಿದ್ದೇ ದಂಡ ಅನ್ನಿಸುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ. ಈ ಬರಹ ಓದಿ ನಾನೂ ಆ ಗುಂಪಿಗೆ ಸೇರಿಕೊಂಡೆ ಎಂದು ಯಾರೂ ಖುಷಿಪಡಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ. ನಿಮಗೇನಾದರೂ ಸರಿಯಾದ ಕಾರಣ ಹೊಳೆದರೆ ತಿಳಿಸಿ. ಜಾತಕ ನೋಡುವವರು ಮಾತ್ರ ತೊಂದರೆ ತೆಗೆದುಕೊಳ್ಳುವುದು ಬೇಡ.

ನಾನು ಪಶುವೈದ್ಯ. ಹೊಸಕೋಟೆಯಿಂದ ಜಡಿಗೇನಹಳ್ಳಿಯ ಕಡೆಗೆ ಹೋಗುವಾಗ ನೀಲಗಿರಿ ತೋಪಿನ ಹಿಂದೆ ಒಂದು ಖಾಸಗಿ ಸಂಶೋಧನಾ ಕೇಂದ್ರವಿದೆ. ಅದರ ಬೋರ್ಡು ನೋಡಿದರೆ ಒಳಗೆ ಏನು ನಡೆಯುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಬೋರ್ಡನ್ನು ಬರೆಸಿರುವುದೇ ಹಾಗೆ. ಒಳಗೆ ಇರುವುದು ಕೋತಿಗಳು. ನಮ್ಮ ಕಡೆಯ ಉದ್ದ ಬಾಲದ, ತಲೆಯ ನಡುವೆ ಬೈತಲೆ ತೆಗೆದಂತಿರುವ ಕೋತಿಗಳಲ್ಲ. ಉತ್ತರದಿಂದ ತಂದ, ಕೆಂಪು ಮುಖದ, ಗಿಡ್ಡ ಬಾಲದ ಜಾತಿ. ಅವುಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಅವಕ್ಕೆ ಬೇಕೆಂದೇ ಕಾಯಿಲೆ ತರಿಸುತ್ತೇವೆ, ಆಮೇಲೆ ಆರೋಗ್ಯ ನೋಡಿಕೊಳ್ಳುತ್ತೇವೆ. ಇದರಲ್ಲಿ ನಗುವಂಥದ್ದೇನಿದೆ ಎಂದು ನಮ್ಮ ನಿರ್ದೇಶಕರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಕಾಯಿಲೆ ಯಾವುದೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನುಷ್ಯರಿಗೆ ಎಚ್‌ಐವಿ ಇರುವಂತೆ ಕೋತಿಗಳಿಗೂ ಅಂಥದ್ದೇ ಒಂದು ವೈರಸ್ ಇದೆ. ಅದಕ್ಕೆ ಮನುಷ್ಯರ ವೈರಸ್ಸಿನ ಹೊರಕವಚ ತೊಡಿಸಿ ಒಂದು ಮಿಶ್ರತಳಿ ಮಾಡುತ್ತಾರೆ. ಒಮ್ಮೆ ಮೈಗೆ ಸೇರಿತೆಂದರೆ ಅದು ಬಿಟ್ಟು ಹೋಗುವುದಿಲ್ಲ. ರಕ್ತದಲ್ಲಿರುವ ಟಿ ಕೋಶಗಳು, ಎಂದರೆ ಮೈಕಾಯುವ ಕಾವಲುಗಾರರು, ವರ್ಷಗಟ್ಟಲೆ ಅದರ ಜೊತೆ ಗುದ್ದಾಡಿ ಗುದ್ದಾಡಿ ದಣಿದುಹೋಗುತ್ತವೆ. ಆದರೆ ಎಲ್ಲೋ ಒಂದೊಂದು ಕೋತಿಯಲ್ಲಿ ಈ ಕಾವಲುಗಾರರು ದಣಿಯುವುದಿಲ್ಲ. ವೈರಸ್ಸನ್ನು ಗ್ರಂಥಿಗಳ ಮೂಲೆಗೆ ಒತ್ತಿ ಕೂರಿಸುತ್ತಾರೆ, ರಕ್ತದಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದ ಹಾಗೆ. ಗಿರಿಜಾ ಅಂಥ ಕೋತಿ.

ದಾಖಲೆಯಲ್ಲಿ ಅವಳು ಆರ್-೧೭. ಗಿರಿಜಾ ಎಂದು ಹೆಸರಿಟ್ಟವನು ಗೂಡು ನೋಡಿಕೊಳ್ಳುವ ಮುನಿರಾಜು. ಈ ಮುನಿರಾಜು ಶನಿವಾರ ಯಾವ ಕೋತಿಗೂ ಸೂಜಿ ಚುಚ್ಚಲು ಹಿಡಿದುಕೊಡುತ್ತಿರಲಿಲ್ಲ. ಶನಿವಾರ ಆಂಜನೇಯನ ದಿನವಂತೆ. ಶುಕ್ರವಾರ ಹಿಡಿದುಕೊಡಲು ಅಡ್ಡಿಯಿಲ್ಲ. ಆಂಜನೇಯ ಶುಕ್ರವಾರ ಏನು ರಜೆಯೇ ಎಂದು ನಾನು ಕೇಳಿದ್ದೆ. ಅವನು ಹಲ್ಲು ಕಿರಿದು ಗೂಡು ಗುಡಿಸತೊಡಗಿದ್ದ.

ಗಿರಿಜಾಳ ಮೇಲೆ ನಡೆಯಬೇಕಿದ್ದ ಪ್ರಯೋಗ ಸರಳ. ಔಷಧ ಕೊಟ್ಟು ಅವಳ ಕಾವಲುಗಾರ ಕೋಶಗಳನ್ನು ಕೆಲವು ವಾರ ಇಲ್ಲವಾಗಿಸುವುದು. ವೈರಸ್ ಒಳಗೆ ಅಡಗಿದ್ದರೆ ಆಗ ಮೇಲೆದ್ದು ಬರುತ್ತದೆ. ಬಂದ ಮೇಲೆ ಅವಳಿಗೆ ಕೊನೆಯ ಇಂಜೆಕ್ಷನ್ ಕೊಟ್ಟು, ಗ್ರಂಥಿಗಳನ್ನು ಕೊಯ್ದು ನೋಡುವುದು. ಅದೊಂದು ಸೋಮವಾರ ಆರಂಭವಾಗಬೇಕಿತ್ತು. ಅವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ವರ್ಷಗಳಿಂದ ಅವಳ ರಕ್ತ ತೆಗೆದವನು ನಾನು, ಗ್ರಂಥಿ ಕೊಯ್ದವನು ನಾನು. ನನ್ನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಹತ್ತಿರ ಹೋದರೆ ಸರಳು ಹಿಡಿದು ಅಲುಗಾಡಿಸುತ್ತಿದ್ದಳು. ಒಮ್ಮೆ ನನ್ನ ಕೈಗವಸನ್ನೇ ಕಿತ್ತು ಹರಿದು ಮುಖದ ಮೇಲೆ ಎಸೆದಿದ್ದಳು. ನನಗೆ ಆ ಕೋತಿಯ ಮೇಲೆ ಗೌರವವಿತ್ತು. ನಮ್ಮ ಸಂಸ್ಥೆಯಲ್ಲಿ ನಿರ್ದೇಶಕರು ಬಂದರೂ ಬೆನ್ನು ತೋರಿಸಿ ಕೂರುವ ಧೈರ್ಯ ಇನ್ಯಾರಿಗೂ ಇರಲಿಲ್ಲ.

ಆ ಸೋಮವಾರದ ಹಿಂದಿನ ಶನಿವಾರ ಬೆಳಿಗ್ಗೆ ನಿರ್ದೇಶಕರು ಗಾಬರಿಯಿಂದ ಫೋನು ಮಾಡಿದರು. ಪಕ್ಕದ ಹಳ್ಳಿಯಲ್ಲಿ ಒಂದು ಕೋತಿ ಕ್ಯಾಂಟರ್ ಲಾರಿಗೆ ಸಿಕ್ಕಿ ಸತ್ತಿದೆ, ನೋಡಿದವರು ಅದರ ಬಾಲ ಗಿಡ್ಡ ಎನ್ನುತ್ತಿದ್ದಾರೆ, ನಮ್ಮದೇ ತಪ್ಪಿಸಿಕೊಂಡು ಹೋಗಿದೆಯೇ ನೋಡಿ ಎಂದರು. ನಾನು ಆಗಲೇ ಕೇಂದ್ರದಲ್ಲಿದ್ದೆ. ಗೂಡುಗಳ ಸಾಲನ್ನು ಕಿಟಕಿಯಿಂದ ನೋಡಿದೆ. ಎಲ್ಲವೂ ಇದ್ದವು. ಗಿರಿಜಾ ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾಗೆಂದು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ, ಹೋಗಿ ನೋಡಿಯೇ ಬನ್ನಿ ಎಂದರು. ಅವರ ಚಿಂತೆ ಹಳ್ಳಿಯ ಜನರದ್ದಲ್ಲ, ಪತ್ರಿಕೆಯವರದ್ದು.

ಆ ಹಳ್ಳಿ ನನ್ನ ಚಿಕ್ಕಮ್ಮನ ಊರು. ತಾಯಿ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಚಿಕ್ಕಮ್ಮ, ಗೌರಮ್ಮ. ಅಲ್ಲಿಯ ಜನರನ್ನು ನಾನು ಬಲ್ಲೆ. ಮನುಷ್ಯ ಸತ್ತರೆ ಹೊರಲು ನಾಲ್ಕು ಜನ ಸಿಗುವುದು ಕಷ್ಟ, ಕೋತಿ ಸತ್ತರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಅದನ್ನು ತೊಳೆದು, ಅರಿಶಿನ ಹಚ್ಚಿ, ಕೂರಿಸಿ, ಮೆರವಣಿಗೆ ಮಾಡಿ ಹೂಳುತ್ತಾರೆ. ಆಮೇಲೆ ತಿಥಿ ಮಾಡಿ ಊಟ ಹಾಕುತ್ತಾರೆ. ಬದುಕಿದ್ದಾಗ ಅದೇ ಕೋತಿ ಅವರೇಕಾಯಿ ಕಿತ್ತರೆ ಪಟಾಕಿ ಹೊಡೆದು ಓಡಿಸುವವರೂ ಇವರೇ.

ನಾನು ಹೋಗುವಷ್ಟರಲ್ಲಿ ಫ್ಲೆಕ್ಸ್ ಕೂಡ ಕಟ್ಟಿಬಿಟ್ಟಿದ್ದರು. ನಡುವೆ ಆಂಜನೇಯ, ಅವನ ಪಾದದ ಬಳಿ ಮೊಬೈಲಿನಲ್ಲಿ ತೆಗೆದ ಸತ್ತ ಕೋತಿಯ ಮುಖ, ಸುತ್ತಲೂ ಕೈಮುಗಿದ ಸ್ಥಳೀಯ ಮುಖಂಡರು. ಮುಖಂಡರ ಮುಖಗಳು ಕೋತಿಯ ಮುಖಕ್ಕಿಂತ ದೊಡ್ಡವು. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಕೋತಿ, ವಾಲದಿರಲೆಂದು ಎದೆಗೆ ಸುತ್ತಿ ಕಟ್ಟಿದ ಟವೆಲು, ಮೇಲೆ ಕೇಸರಿ ಶಲ್ಯ, ಕನಕಾಂಬರದ ಹಾರ. ಹಣೆಯ ತುಂಬ ಕುಂಕುಮ ಮೆತ್ತಿದ್ದರು. ಸ್ಪೀಕರಿನಲ್ಲಿ ಭಜನೆ ಕಿರಿಚುತ್ತಿತ್ತು.

ಪರೀಕ್ಷೆ ಮಾಡಬೇಕು ಎಂದೆ. ಊರಿನ ಯಜಮಾನರೊಬ್ಬರು ಮುಂದೆ ಬಂದು, “ಬಾಲ ನೋಡಿ ಅನುಮಾನ ಪಡ್ಬೇಡಿ ಡಾಕ್ಟ್ರೇ, ಲಂಕೇಲಿ ಸುಟ್ಕಂಡಿರೋ ಬಾಲದ ಅಂಶ ಅದು,” ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ಗೌರಮ್ಮನ ಹುಡುಗ ಎಂಬ ಕಾರಣಕ್ಕೆ ನನಗೆ ಟ್ರೈಲರು ಹತ್ತಲು ಬಿಟ್ಟರು.

ಶಲ್ಯ ಸರಿಸಿದೆ. ಮೊದಲು ಕಂಡದ್ದು, ಅದು ಹೆಣ್ಣು. ಇಡೀ ಊರು ಒಂದು ಹೆಣ್ಣು ಕೋತಿಯನ್ನು ಬ್ರಹ್ಮಚಾರಿ ದೇವರೆಂದು ಸಿಂಗರಿಸಿ ಕೂರಿಸಿತ್ತು, ತೊಳೆದವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬಾಲ ಗಿಡ್ಡ. ಮುಖ ಕೆಂಪು. ಇನ್ಯಾವುದೋ ಕೇಂದ್ರದ್ದು, ಅಥವಾ ಯಾರೋ ಸಾಕಿದ್ದು ಎಂದುಕೊಳ್ಳುತ್ತ ಎದೆಯ ಮೇಲಿನ ಟವೆಲನ್ನು ಕೆಳಗೆಳೆದೆ. ನೀಲಿ ಹಚ್ಚೆಯಲ್ಲಿ ಆರ್-೧೭ ಎಂದಿತ್ತು.

ಅಂಕಿಗಳು ಎರಡು ಕೇಂದ್ರಗಳಲ್ಲಿ ಒಂದೇ ಆಗಿರಬಹುದು. ಹಾಗೆಂದುಕೊಂಡೇ ಬಲಗಾಲನ್ನು ಪಕ್ಕಕ್ಕೆ ಸರಿಸಿ ತೊಡೆಸಂದಿ ನೋಡಿದೆ. ಅಲ್ಲಿ ಗಾಯದ ಕಲೆಯಿತ್ತು. ಕಲೆಯ ತುದಿ ಕೊಕ್ಕೆಯ ಹಾಗೆ ಹೊರಳಿತ್ತು. ಆ ಕೊಕ್ಕೆ ನನ್ನದೇ. ಹಿಂದಿನ ವರ್ಷ ಗಿರಿಜಾಳ ಗ್ರಂಥಿ ತೆಗೆಯುವಾಗ ಅರಿವಳಿಕೆ ಸಡಿಲವಾಗಿ ಅವಳು ಕಾಲು ಝಾಡಿಸಿದ್ದಳು, ಕತ್ತಿ ಪಕ್ಕಕ್ಕೆ ಜಾರಿತ್ತು. ಅದನ್ನು ಹೊಲಿದವನೂ ನಾನೇ. ಒಬ್ಬ ಬಡಗಿಗೆ ತಾನು ಮಾಡಿದ ಬಾಗಿಲು ಗೊತ್ತಾಗದೆ ಇರುತ್ತದೆಯೇ? ಶಲ್ಯವನ್ನು ಹೊದಿಸಿದೆ. ಮತ್ತೆ ತೆಗೆದು ನೋಡಿದೆ. ಕೆಳಗೆ ನಿಂತ ಜನ ನನಗೂ ಭಕ್ತಿ ಬಂತೆಂದು ತಿಳಿದಿರಬೇಕು, ಯಾರೋ ಜೈ ಅಂದರು.

ಟ್ರೈಲರಿನಿಂದ ಇಳಿದು ಮುನಿರಾಜುವಿಗೆ ಫೋನು ಮಾಡಿ, ಗಿರಿಜಾ ಗೂಡಿನಲ್ಲಿದ್ದಾಳೆಯೇ, ಹೋಗಿ ಕಣ್ಣಾರೆ ನೋಡಿ ಹೇಳು ಎಂದೆ. ಫೋನು ಹಿಡಿದುಕೊಂಡೇ ಹೋದ. “ಅವ್ಳೆ ಸಾರ್, ಬಾಳೆಹಣ್ಣು ತಿಂತಾವ್ಳೆ,” ಎಂದ.

ಅಷ್ಟರಲ್ಲಿ ಚಿಕ್ಕಮ್ಮ ಗುಂಪಿನಿಂದ ಬಂದು ನನ್ನ ತೋಳು ಹಿಡಿದುಕೊಂಡಳು. ಅವಳ ಸೀರೆಯ ಮುಂಭಾಗವೆಲ್ಲ ಒದ್ದೆ. ಕೋತಿಯ ಬಾಯಿ ಮೂಗುಗಳಿಂದ ರಕ್ತ ಹರಿದಿತ್ತಂತೆ. ಮಿಕ್ಕವರು ಅಸಹ್ಯಪಟ್ಟು ಹಿಂದೆ ಸರಿದಾಗ ಇವಳೇ ಬರಿಗೈಯಲ್ಲಿ ಅರಿಶಿನದ ನೀರಿನಿಂದ ತೊಳೆದಳಂತೆ. ಹೆಮ್ಮೆಯಿಂದ ಹೇಳುತ್ತಿದ್ದಳು. ಅವಳ ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು. ಏನದು ಎಂದು ಕೇಳಿದೆ. ಬೆಳಿಗ್ಗೆ ಕುಂಬಳಕಾಯಿ ಹೆಚ್ಚುವಾಗ ಈಳಿಗೆಮಣೆ ತಾಗಿತು, ನೀರಲ್ಲಿ ನೆಂದು ಬಾಯಿ ಬಿಟ್ಟಿದೆ ಎಂದಳು.

ನನ್ನ ಕಷ್ಟ ಈಗ ನಿಮಗೆ ಅರ್ಥವಾಗಬೇಕು. ಆ ಸತ್ತ ಕೋತಿ ಗಿರಿಜಾಳೇ ಆಗಿದ್ದರೆ, ಮನುಷ್ಯರ ಕವಚ ತೊಟ್ಟ ಆ ವೈರಸ್ ನನ್ನ ಚಿಕ್ಕಮ್ಮನ ತೆರೆದ ಗಾಯಕ್ಕೆ ತಾಗಿದೆ. ಅಪಾಯ ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗಲಿ ಎಂದು ಕಾಯುವ ಹಾಗೂ ಇಲ್ಲ. ನಮ್ಮಲ್ಲಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆಂದು ಇಟ್ಟ ಮಾತ್ರೆಗಳಿದ್ದವು. ಅವನ್ನು ಆದಷ್ಟು ಬೇಗ ಶುರುಮಾಡಿ ಒಂದು ತಿಂಗಳು ನುಂಗಬೇಕು. ಆದರೆ ಗಿರಿಜಾ ಗೂಡಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಾಳೆ. ಹಾಗಿರುವಾಗ ಮಾತ್ರೆ ಕೊಡುವುದೆಂದರೆ, ಒಂದೇ ಕೋತಿ ಎರಡು ಕಡೆ ಇತ್ತು ಎಂದು ಒಪ್ಪಿಕೊಂಡ ಹಾಗೆ. ನಾನು ಜೀವಮಾನವಿಡೀ ಮೂಗು ಮುರಿದದ್ದು ಇಂಥ ಮಾತಿಗೇ.

ಚಿಕ್ಕಮ್ಮನಿಗೂ, ಕೋತಿಯನ್ನು ಮುಟ್ಟಿದ ಮಿಕ್ಕ ಇಬ್ಬರಿಗೂ ಸೋಪಿನಲ್ಲಿ ಕೈ ತೊಳೆಸಿದೆ. ಅವರಿಬ್ಬರ ಕೈಯಲ್ಲಿ ಗಾಯವಿರಲಿಲ್ಲ. ರಕ್ತ ಒರೆಸಿ ಬಿಸಾಡಿದ್ದ ಒಂದು ಟವೆಲನ್ನು ಕವರಿಗೆ ಹಾಕಿಕೊಂಡು ಕೇಂದ್ರಕ್ಕೆ ಬಂದೆ. ಗೂಡಿನ ಬೀಗ ಸರಿಯಾಗಿತ್ತು. ಹಿಂಬದಿಯ ಫಲಕವನ್ನು ಮುಂದೆ ತಳ್ಳಿದರೆ ಕೋತಿ ಅನಿವಾರ್ಯವಾಗಿ ಮುಂದಕ್ಕೆ ಬರುವಂಥ ಗೂಡು ಅದು. ಫಲಕವನ್ನು ಮುಟ್ಟುವ ಮೊದಲೇ ಅವಳು ತಾನಾಗಿ ಮುಂದೆ ಬಂದು ಕೂತಳು. ಎದೆಯ ಮೇಲೆ ಆರ್-೧೭. ತೊಡೆಸಂದಿಯಲ್ಲಿ ಕಲೆ, ಕಲೆಯ ತುದಿಯಲ್ಲಿ ಕೊಕ್ಕೆ. ನಾನು ನೋಡುತ್ತಿದ್ದಷ್ಟು ಹೊತ್ತೂ ಅವಳು ನನ್ನ ಕನ್ನಡಕವನ್ನೇ ಕುತೂಹಲದಿಂದ ನೋಡುತ್ತಿದ್ದಳು.

ಮಾತ್ರೆಯ ಡಬ್ಬಿ ತೆಗೆದುಕೊಂಡು, ಸಿಬ್ಬಂದಿಯನ್ನು ನೋಡುವ ವೈದ್ಯರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಮತ್ತೆ ಹಳ್ಳಿಗೆ ಹೋದೆ. ಅಷ್ಟರಲ್ಲಿ ಮೆರವಣಿಗೆ ಮುಗಿಸಿ, ಕೋತಿಯನ್ನು ಕೂತ ಭಂಗಿಯಲ್ಲೇ ಉಪ್ಪು ವಿಭೂತಿ ಹಾಕಿ ಹೂತುಬಿಟ್ಟಿದ್ದರು. ಚಿಕ್ಕಮ್ಮ ತಲೆಗೆ ಸ್ನಾನ ಮಾಡಿ ಜಗಲಿಯ ಮೇಲೆ ಕೂತಿದ್ದಳು. ಅವಳಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ಕಂಡದ್ದೆಲ್ಲ ಹೇಳಿದೆ. ಅವಳು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದಳು: “ನಿನ್ ಕೋತಿ ಗೂಡಲ್ಲೇ ಐತೆ ಅಂತೀಯ. ಮತ್ತೆ ನಂಗ್ಯಾಕಪ್ಪಾ ಮಾತ್ರೆ?”

“ಸುಮ್ನೆ ನುಂಗು ಚಿಕ್ಕಮ್ಮ,” ಎಂದೆ. ಅವಳು ನನ್ನ ಮುಖ ನೋಡಿ ನುಂಗಿದಳು. ಆ ಕ್ಷಣ ನನ್ನ ಬಗ್ಗೆ ನನಗೆ ಎಷ್ಟು ಹೇಸಿಗೆಯಾಯಿತೆಂದರೆ, ಬೂದುಗುಂಬಳ ಕಟ್ಟುವವರಿಗೂ ನನಗೂ ಇನ್ನೇನು ವ್ಯತ್ಯಾಸ ಎನ್ನಿಸಿತು. ಅವರದಾದರೂ ತರಕಾರಿ. ನಾನು ಕೊಟ್ಟದ್ದು ಅವಳ ಹೊಟ್ಟೆ ಕೆಡಿಸುವ ಔಷಧ. ತಿಂಗಳು ಪೂರ್ತಿ ಅವಳಿಗೆ ಮುದ್ದೆ ಸೇರಲಿಲ್ಲ, ವಾಂತಿ, ಸಂಕಟ. ತಲೆಕೆಟ್ಟವನೇ, ಯಾವ ಆಧಾರದ ಮೇಲೆ ಇದನ್ನು ಮಾಡುತ್ತಿದ್ದೀಯ ಎಂದು ದಿನವೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ನಿಲ್ಲಿಸು ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಸೋಮವಾರ ಗಿರಿಜಾಳ ಪ್ರಯೋಗ ಆರಂಭವಾಯಿತು. ಔಷಧ ಕೊಡುವ ಮೊದಲು ರಕ್ತ ತೆಗೆದೆವು, ಕೊಟ್ಟ ಮೇಲೆ ಮತ್ತೆ ಮತ್ತೆ ತೆಗೆದೆವು. ಕಾವಲುಗಾರ ಕೋಶಗಳು ಅಂದುಕೊಂಡಂತೆಯೇ ಇಲ್ಲವಾದವು. ಬಾಗಿಲು ಹಾರುಹೊಡೆದಿತ್ತು. ವೈರಸ್ ಬರಲಿಲ್ಲ. ಒಂದು ವಾರ ಕಾದರು, ಇನ್ನೊಂದು ವಾರ ಕಾದರು, ಬರಲಿಲ್ಲ. ನಿರ್ದೇಶಕರ ಮುಖ ನೋಡಬೇಕಿತ್ತು. ಕಾಯಿಲೆಯ ಪ್ರಾಣಿ ಗುಣವಾಯಿತೆಂದು ಅಷ್ಟೊಂದು ದುಃಖಪಟ್ಟವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಗುಣವಾದದ್ದೂ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಒಮ್ಮೆ ವೈರಸ್ ಮೈಗೆ ಸೇರಿದರೆ ರಕ್ತ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಉಳಿದಿರುತ್ತವೆ. ವೈರಸ್ ಕಾಣದಿದ್ದರೂ ನೆನಪು ಕಾಣುತ್ತದೆ. ಆ ಶನಿವಾರದ ಹಿಂದಿನ ವಾರ ತೆಗೆದ ಗಿರಿಜಾಳ ರಕ್ತದಲ್ಲಿ ಅದು ತುಂಬಿ ತುಳುಕುತ್ತಿತ್ತು. ಸೋಮವಾರ ತೆಗೆದ ರಕ್ತದಲ್ಲಿ ಏನೂ ಇರಲಿಲ್ಲ. ಆ ವೈರಸ್ಸನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಕಾಣದ ಕೋತಿಯ ರಕ್ತ ಅದು.

ಮಾದರಿ ಅದಲುಬದಲಾಗಿದೆ ಎಂದರು ನಿರ್ದೇಶಕರು. ಡಿಎನ್‌ಎ ಹೋಲಿಸಿ ನೋಡಿದೆವು. ಹಿಂದಿನ ರಕ್ತವೂ ಈಗಿನ ರಕ್ತವೂ ಒಂದೇ ಕೋತಿಯದು. ಹಳ್ಳಿಯಿಂದ ತಂದ ಟವೆಲನ್ನು ಪರೀಕ್ಷಿಸಿದಾಗ ಅದರಲ್ಲಿ ವೈರಸ್ ಸಿಕ್ಕಿತು, ನಮ್ಮದೇ ಮಿಶ್ರತಳಿ. ನಿಮ್ಮ ಕೈಯಿಂದಲೇ ಅಂಟಿರಬೇಕು ಎಂದರು ನಿರ್ದೇಶಕರು. ಸರಿ, ಇರಬಹುದು. ಕ್ಯಾಮೆರಾದ ದೃಶ್ಯಗಳನ್ನೆಲ್ಲ ಕೂತು ನೋಡಿದೆ. ಗೂಡಿನ ಬಾಗಿಲು ತೆರೆದದ್ದೇ ಇಲ್ಲ, ಗಿರಿಜಾ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ, ಕೂತೇ ಇದ್ದಾಳೆ. ಹೂತದ್ದನ್ನು ಅಗೆದು ನೋಡೋಣವೆಂದರೆ ಊರಿನವರು ನನ್ನನ್ನೂ ಅಲ್ಲೇ ಹೂಳುತ್ತಿದ್ದರು. ಅದರ ಮೇಲೆ ಆಗಲೇ ಒಂದು ಪುಟ್ಟ ಗುಡಿ ಎದ್ದಿತ್ತು, ಈಗ ಅದಕ್ಕೆ ಟೈಲ್ಸ್ ಹಾಕಿಸಿದ್ದಾರೆ. ನಿರ್ದೇಶಕರು ತಮ್ಮ ಪ್ರಬಂಧದಲ್ಲಿ ಒಂದು ಪ್ರಾಣಿಯನ್ನು ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದೆ ಎಂದು ಅಡಿಟಿಪ್ಪಣಿ ಹಾಕಿ ಮುಗಿಸಿದರು. ಊರಿನವರದೂ ನಿರ್ದೇಶಕರದೂ ಒಂದೇ ಜಾಣತನ, ಮೇಲೆ ಏನಾದರೂ ಕಟ್ಟಿ ಮುಚ್ಚಿಬಿಡುವುದು. ಲೆಕ್ಕಕ್ಕೆ ಬಾರದ ಪ್ರಾಣಿಯಾದ್ದರಿಂದ ಗಿರಿಜಾಳನ್ನು ಕೊಯ್ಯಲಿಲ್ಲ.

ಚಿಕ್ಕಮ್ಮನ ರಕ್ತವನ್ನು ಮೂರು ಸಲ ಪರೀಕ್ಷೆ ಮಾಡಿಸಿದೆವು. ಕೊನೆಯದರ ಫಲಿತಾಂಶ ತೆಗೆದುಕೊಳ್ಳಲು ನಾನೇ ಅವಳನ್ನು ಸ್ಕೂಟರಿನಲ್ಲಿ ಹೊಸಕೋಟೆಗೆ ಕರೆದುಕೊಂಡು ಹೋಗಿದ್ದೆ. ಏನೂ ಇಲ್ಲ, ಪೂರ್ತಿ ಚೆನ್ನಾಗಿದ್ದಾಳೆ ಎಂದರು. ಮಾತ್ರೆಯಿಂದ ಉಳಿದಳೋ, ಮೊದಲಿಗೇ ಏನೂ ತಾಗಿರಲಿಲ್ಲವೋ, ಅದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಆಸ್ಪತ್ರೆಯ ಹೊರಗೆ ಕಟ್ಟೆಯ ಮೇಲೆ ಕೂತಾಗ ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ. ಚಿಕ್ಕಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು, ಎಳನೀರು ಕುಡಿಸಿದಳು. ಸ್ವಾಮಿ ಕಾಪಾಡಿದ ಎನ್ನುತ್ತಾಳೆ, ನಾನು ರೇಗಬೇಕಾಗುತ್ತದೆ ಎಂದು ಕಾಯುತ್ತಿದ್ದೆ. ಅವಳು ಹಾಗೇನೂ ಹೇಳಲಿಲ್ಲ. ಊರು ಹತ್ತಿರ ಬಂದಾಗ ಸ್ಕೂಟರಿನ ಹಿಂದಿನಿಂದ ಕೇಳಿದಳು.

“ಅಲ್ಲಾ ಕಣೋ, ನಾನು ತೊಳೆದು ಮಣ್ ಮಾಡಿದ್ದು ನಿನ್ ಗಿರಿಜಾನೇ ಆದ್ರೆ, ಆ ಗೂಡಲ್ಲಿರೋದು ಯಾರು?”

ಗಾಳಿಯಲ್ಲಿ ಕೇಳಿಸಲಿಲ್ಲ ಎಂಬಂತೆ ಗಾಡಿ ಓಡಿಸಿದೆ.

ಗಿರಿಜಾ ಈಗಲೂ ಅದೇ ಗೂಡಿನಲ್ಲಿದ್ದಾಳೆ. ನನ್ನ ಹೆಜ್ಜೆಯ ಸದ್ದಿಗೆ ಗೋಡೆಯ ಕಡೆ ತಿರುಗುವುದಿಲ್ಲ, ಸರಳು ಅಲುಗಾಡಿಸುವುದಿಲ್ಲ. ಆ ಶನಿವಾರ ನಾನು ಹಳ್ಳಿಯಿಂದ ಮರಳಿದಾಗಿನಿಂದ ಒಮ್ಮೆಯೂ ಇಲ್ಲ. ವಯಸ್ಸಾಯಿತು ಸಾರ್, ಮೆತ್ತಗಾದಳು ಎನ್ನುತ್ತಾನೆ ಮುನಿರಾಜು. ನಾನು ಅವಳನ್ನು ವರ್ಷಗಟ್ಟಲೆ ಚುಚ್ಚಿದವನು, ಕೊಯ್ದವನು. ಕೋತಿಗಳು ಅದನ್ನು ಮರೆಯುವುದಿಲ್ಲ. ಇವಳು ಮಾತ್ರ ನನ್ನನ್ನು ಕಂಡೊಡನೆ ಮುಂದೆ ಬಂದು, ಹೊಸಬನನ್ನು ನೋಡುವ ಹಾಗೆ ನೋಡಿ, ಸರಳಿನ ಸಂದಿಯಿಂದ ಕೈ ಚಾಚುತ್ತಾಳೆ. ನಾನು ಆ ಕೈಯನ್ನು ಇನ್ನೂ ಮುಟ್ಟಿಲ್ಲ.